ಸೌಟಿನ ನೆನಪು

ಕಪಿಲಾ ನದಿಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲೊಬ್ಬರು ಗುರುಗಳಿದ್ದರು, ಚನ್ನಂಜಯ್ಯ ಅಂತ.

ಗುರುಗಳೆಂದ ಕೂಡಲೇ ಜಟೆ, ಗಡ್ಡ, ಹುಲಿಚರ್ಮ ನಿಮ್ಮ ಕಣ್ಣ ಮುಂದೆ ಬಂದಿದ್ದರೆ ಅದನ್ನು ಪಕ್ಕಕ್ಕಿಡಿ. ಇವರದು ಬಿಳಿ ಪಂಚೆ, ತೋಳಿನ ಬನಿಯನ್, ಮೂಗಿನ ತುದಿಗೆ ಜಾರಿದ ಕನ್ನಡಕ. ಕಲಿಸುತ್ತಿದ್ದುದು ಮೊಬೈಲಿಗೆ ಆ್ಯಪ್ ಬರೆಯುವುದನ್ನು.

ಗುರುಗಳ ಲಕ್ಷಣ ಅಂತ ಅವರಲ್ಲಿ ಇದ್ದದ್ದು ಒಂದೇ. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುತ್ತಿರಲಿಲ್ಲ.

ಆಶ್ರಮದಲ್ಲಿ ದಾಸೋಹ ನಡೆಯುತ್ತಿತ್ತು, ಬಂದವರಿಗೆಲ್ಲ ಊಟ. ಅದರ ಹಿಂದೆ ಒಂದು ಆರೈಕೆ ಮನೆ. ದಿಕ್ಕಿಲ್ಲದ ಕಾಯಿಲೆಯವರು ಅಲ್ಲಿದ್ದರು. ಶಿಷ್ಯರು ಬರೆದ ಆ್ಯಪ್ ಯಾವುದೇ ಆಗಲಿ, ಮೊದಲು ಆಶ್ರಮದಲ್ಲೇ ಬಳಕೆಯಾಗಬೇಕು ಎಂಬುದು ಗುರುಗಳು ಹಾಕಿಕೊಟ್ಟ ಪದ್ಧತಿ. ನಾವು ಉಣ್ಣದ ಅಡುಗೆಯನ್ನು ಊರಿಗೆ ಬಡಿಸುವುದು ಬೇಡ ಎನ್ನುತ್ತಿದ್ದರು.

ಶಿಷ್ಯರಲ್ಲಿ ದಾಕ್ಷಾಯಿಣಿ ಎಂಬುವಳು ಒಬ್ಬಳು. ಬುದ್ಧಿ ಚುರುಕು, ಬೆರಳು ಇನ್ನೂ ಚುರುಕು. ಮಾಡಿದ ಕೆಲಸವನ್ನೇ ಮತ್ತೆ ಮಾಡು ಎಂದರೆ ಅವಳಿಗೆ ಮೈ ಉರಿಯುತ್ತಿತ್ತು.

ಅದಕ್ಕೇ ಅವಳು ಒಂದು ಸಾಲು ಬರೆದಳು.

ಸಾಲು ಎಂದರೆ ಹಾಡಿನ ಸಾಲಲ್ಲ. ಫೋನಿನ ಪರದೆಯ ಮೇಲೆ ಎಡಗಡೆ ಒಬ್ಬರ ಹೆಸರು, ಬಲಗಡೆ ಒಂದು ಚೌಕ. ಚೌಕ ಒತ್ತಿದರೆ ಹಸಿರು ಟಿಕ್ ಬೀಳುತ್ತದೆ. ಹೆಸರನ್ನು ಒತ್ತಿದರೆ ಸಾಲು ಬಿಚ್ಚಿಕೊಂಡು ಕೆಳಗೊಂದು ಚಿತ್ರ ಕಾಣುತ್ತದೆ. ಒಮ್ಮೆ ಬರೆದು ಯಾವ ಆ್ಯಪಿಗೆ ಬೇಕಾದರೂ ಜೋಡಿಸಬಹುದಾದ ಇಂಥ ಬಿಡಿಭಾಗಕ್ಕೆ ಆ ಕಸುಬಿನವರು ಕಾಂಪೊನೆಂಟ್ ಎನ್ನುತ್ತಾರೆ.

ತರಗತಿಯ ಹಾಜರಿಗೆ ಅದೇ ಸಾಲು ಬಂತು. ದಾಸೋಹದಲ್ಲಿ ಇವತ್ತು ಬಡಿಸುವ ಸರದಿ ಯಾರದೆಂದು ತಿಳಿಯುವುದಕ್ಕೂ ಅದೇ ಬಂತು. ಆರೈಕೆ ಮನೆಯಲ್ಲಿ ಯಾರ್ಯಾರಿಗೆ ಮಾತ್ರೆ ಕೊಟ್ಟಾಯಿತು ಎಂದು ಗುರುತು ಹಾಕುವುದಕ್ಕೂ ಅದೇ. ಅಲ್ಲಿ ಹೆಸರು ಒತ್ತಿದರೆ ಆಯಾ ಮಾತ್ರೆಯ ಚಿತ್ರ ಕಾಣುತ್ತಿತ್ತು.

ಅದರ ಹೆಚ್ಚುಗಾರಿಕೆ ಇನ್ನೊಂದಿತ್ತು. ಟಿಕ್ ಬಿದ್ದಿದೆಯೋ ಇಲ್ಲವೋ ಎಂಬುದನ್ನು ಸಾಲು ತನ್ನೊಳಗೇ ನೆನಪಿಟ್ಟುಕೊಳ್ಳುತ್ತಿತ್ತು. ಜೋಡಿಸಿಕೊಂಡವರು ಏನೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ದಾಸೋಹದ ಆ್ಯಪ್ ಬರೆಯುತ್ತಿದ್ದ ಪ್ರಭುಸ್ವಾಮಿ ಎಂಬ ಸಹಪಾಠಿ, ಚಿಟಿಕೆ ಹೊಡೆಯುವಷ್ಟರಲ್ಲಿ ಕೆಲಸ ಮುಗಿಯಿತು ಎಂದು ಆಶ್ರಮದ ತುಂಬ ಹೇಳಿಕೊಂಡು ಬಂದ. ದಾಕ್ಷಾಯಿಣಿ ಮೇಲೆ ಮೇಲೆ ಬೇಡ ಬೇಡ ಎಂದಳು. ಒಳಗೊಳಗೆ ಉಬ್ಬಿದಳು.

ಗುರುಗಳೂ ಅದನ್ನು ನೋಡಿದರು. ಬಹಳ ಹೊತ್ತು ನೋಡಿದರು.

“ಇದಕ್ಕೆ ನೆನಪಿದ್ಯಾ?”

“ಇದೆ ಗುರುಗಳೇ. ಎಲ್ಲಾ ಅದೇ ನೆನಪಿಟ್ಕೊಳ್ಳುತ್ತೆ.”

“ಪಾಪ,” ಎಂದರು ಗುರುಗಳು. ಕನ್ನಡಕ ಮೇಲಕ್ಕೆ ತಳ್ಳಿಕೊಂಡು, ಟವೆಲ್ ಹೆಗಲ ಮೇಲೆ ಹಾಕಿಕೊಂಡು ನದಿಗೆ ಸ್ನಾನಕ್ಕೆ ಹೊರಟುಹೋದರು.

ದಾಕ್ಷಾಯಿಣಿಗೆ ಅದು ಅರ್ಥವಾಗಲಿಲ್ಲ. ಗುರುಗಳು ಹೊಗಳುವ ಬಗೆಯೇ ಹಾಗಿರಬೇಕು ಎಂದುಕೊಂಡಳು.

ಆರೈಕೆ ಮನೆಯ ಕೊನೆಯ ಮಂಚ ಸಾಕಮ್ಮನದು. ಕೈಯಲ್ಲಿ ಶಕ್ತಿ ಇರುವವರೆಗೂ ಸಂತೆಯಲ್ಲಿ ಹೂ ಕಟ್ಟಿ ಮಾರಿದ ಹೆಂಗಸು. ಆಮೇಲೆ ಫಿಟ್ಸ್ ಶುರುವಾಯಿತು. ಬೆಳಿಗ್ಗೆ ಒಂದು ಮಾತ್ರೆ ನುಂಗಿದರೆ ದಿನವೆಲ್ಲ ಆರಾಮಾಗಿರುತ್ತಿದ್ದರು, ಎದುರಿಗೆ ಸಿಕ್ಕವರನ್ನೆಲ್ಲ ಮಾತಿಗೆ ಕೂರಿಸಿಕೊಳ್ಳುತ್ತಿದ್ದರು.

ದಾಕ್ಷಾಯಿಣಿ ಅವರಿಗೆ ಕೂಸು. ಅವಳ ತಲೆ ಕೆದರಿದ್ದು ಕಂಡರೆ ಕರೆದು, ಮುಂದೆ ಕೂರಿಸಿಕೊಂಡು ಜಡೆ ಹಾಕದೆ ಬಿಡುತ್ತಿರಲಿಲ್ಲ. ಅವಸರದ ಹುಡುಗಿ ಅಷ್ಟು ಹೊತ್ತು ಸುಮ್ಮನೆ ಕೂರುತ್ತಿದ್ದುದು ಅಲ್ಲಿ ಮಾತ್ರ.

ಒಂದು ದಿನ ಬೆಳಿಗ್ಗೆ ಸಿಸ್ಟರ್ ಫಿಲೋಮಿನಾ ಎಂದಿನಂತೆ ಫೋನ್ ಹಿಡಿದು ಮಂಚದಿಂದ ಮಂಚಕ್ಕೆ ಬಂದರು. ಮಾತ್ರೆ ಕೊಡುವುದು, ಟಿಕ್ ಒತ್ತುವುದು, ಮುಂದಕ್ಕೆ ಹೋಗುವುದು. ಕೊನೆಗೆ ಸಾಕಮ್ಮನ ಹೆಸರು ಬಂತು. ಅದರ ಮುಂದೆ ಆಗಲೇ ಹಸಿರು ಟಿಕ್ ಇತ್ತು.

ನಸುಕಿನ ಪಾಳಿಯ ಸಿಸ್ಟರ್ ಕೊಟ್ಟು ಹೋಗಿರಬೇಕು ಎಂದುಕೊಂಡರು ಫಿಲೋಮಿನಾ. ಹಾಗೆ ಎಷ್ಟೋ ಸಲ ಆಗಿತ್ತು. ಅವರು ಫೋನ್ ಜೇಬಿಗಿಟ್ಟು ಬೇರೆ ಕೆಲಸಕ್ಕೆ ಹೋದರು.

ಮಧ್ಯಾಹ್ನ ಸಾಕಮ್ಮನಿಗೆ ಫಿಟ್ಸ್ ಬಂತು. ಬೀಳುವಾಗ ತಲೆ ಮಂಚದ ಅಂಚಿಗೆ ಬಡಿಯಿತು. ರಕ್ತ ಕಂಡು ಆರೈಕೆ ಮನೆಯಲ್ಲಿ ಹಾಹಾಕಾರವೆದ್ದಿತು, ಆಂಬ್ಯುಲೆನ್ಸ್ ಬಂತು, ಅವರನ್ನು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು.

ನಸುಕಿನ ಪಾಳಿಯವರು ಮಾತ್ರೆ ಕೊಟ್ಟಿರಲಿಲ್ಲ. ಯಾರೂ ಕೊಟ್ಟಿರಲಿಲ್ಲ. ಟಿಕ್ ಮಾತ್ರ ಇತ್ತು.

ದಾಕ್ಷಾಯಿಣಿ ಊಟ ಬಿಟ್ಟು ಕಂಪ್ಯೂಟರ್ ಮುಂದೆ ಕೂತಳು. ಸಂಜೆಯೊಳಗೆ ತಪ್ಪು ಸಿಕ್ಕಿತು. ಸಿಕ್ಕಿದ ಮೇಲೆ ಸಿಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ತಪ್ಪು ಇಷ್ಟೇ. ಹೆಸರು ಎಷ್ಟೇ ಇರಲಿ, ಪರದೆಯ ಮೇಲೆ ಹಿಡಿಸುವಷ್ಟು ಸಾಲುಗಳನ್ನು ಮಾತ್ರ ಫೋನು ಮಾಡಿಟ್ಟುಕೊಳ್ಳುತ್ತದೆ. ಬೆರಳಲ್ಲಿ ಸರಿಸಿದಾಗ ಮೇಲೆ ಮರೆಯಾದ ಸಾಲೇ ಕೆಳಗೆ ಇನ್ನೊಬ್ಬರ ಹೆಸರು ಹೊತ್ತು ಬರುತ್ತದೆ. ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿದ್ದವು. ಮೇಲೆ ಈರಮ್ಮ, ಕೊನೆಯಲ್ಲಿ ಸಾಕಮ್ಮ. ಈರಮ್ಮನಿಗೆ ಮಾತ್ರೆ ಕೊಟ್ಟು ಟಿಕ್ ಹಾಕಿದ ಸಾಲು ಮೇಲಿಂದ ಹೋಗಿ, ಹೆಸರು ಬದಲಿಸಿಕೊಂಡು, ಕೆಳಗೆ ಬಂದಿತ್ತು. ಟಿಕ್ಕನ್ನು ಮಾತ್ರ ಮರೆತಿರಲಿಲ್ಲ. ನೆನಪಿಟ್ಟುಕೋ ಎಂದು ಅದಕ್ಕೆ ಹೇಳಿಕೊಟ್ಟವಳು ಅವಳೇ.

ಪರೀಕ್ಷೆ ಮಾಡುವಾಗ ಇದು ಕಂಡಿರಲಿಲ್ಲ, ಯಾಕೆಂದರೆ ಪರದೆಗೆ ಹಿಡಿಸುವಷ್ಟೇ ಹೆಸರು ಹಾಕಿ ನೋಡಿದ್ದಳು. ಆರೈಕೆ ಮನೆಗೆ ಹೊಸಬರು ಬಂದು ಹೆಸರು ಹೆಚ್ಚಾದ ಮೇಲೆ ಸಾಲುಗಳು ಓಡಾಡತೊಡಗಿದ್ದವು.

ಗುರುಗಳು ಮೆಟ್ಟಿಲ ಮೇಲೆ ನದಿಗೆ ಮುಖ ಮಾಡಿ ಕೂತಿದ್ದರು. ಅವಳು ಎರಡು ಮೆಟ್ಟಿಲು ಕೆಳಗೆ ಕೂತಳು.

“ಗುರುಗಳೇ, ಸಾಕಮ್ಮನ್ನ ಬೀಳ್ಸಿದ್ದು ನಾನು.”

“ನೀನೊಬ್ಬಳೇ ಅಲ್ಲ.”

ಅವಳು ತಲೆ ಎತ್ತಿದಳು.

“ಅವತ್ತು ನಂಗೆ ಕಂಡಿತ್ತು,” ಎಂದರು ಗುರುಗಳು. “ಪಾಪ ಅಂತ ಒಂದ್ ಮಾತಂದು ಸ್ನಾನಕ್ಕೆ ಹೋದೆ. ಕೂತು ಬಿಡಿಸಿ ಹೇಳ್ಬೇಕಿತ್ತು. ಒಗಟಾಗಿ ಮಾತಾಡೋದು ನಂಗೆ ಚಟ ಆಗಿದೆ ಕಣಮ್ಮ.”

ಗುರುಗಳು ಶಿಷ್ಯರ ಮುಂದೆ ಹೀಗೆ ಒಪ್ಪಿಕೊಳ್ಳುವುದನ್ನು ನಾನು ಬೇರೆ ಕಥೆಗಳಲ್ಲಿ ಕೇಳಿಲ್ಲ. ಅದಕ್ಕೇ ಈ ಕಥೆ ಹೇಳಲು ನನಗಿಷ್ಟ.

ದಾಕ್ಷಾಯಿಣಿ ನಾಳೆಯೇ ಮನೆಗೆ ಹೋಗುತ್ತೇನೆ ಎಂದಳು. ಬಟ್ಟೆ ಅಂಗಡಿಯಲ್ಲೋ ಎಲ್ಲೋ ಕೆಲಸ ಹಿಡಿಯುತ್ತೇನೆ, ಯಾರ ಪ್ರಾಣಕ್ಕೂ ಸಂಬಂಧವಿಲ್ಲದ್ದು ಏನಾದರೂ ಸಾಕು ಎಂದಳು. ಹೇಳುತ್ತ ಹೇಳುತ್ತ ಅತ್ತಳು. ಗುರುಗಳು ಅವಳನ್ನು ಅಳಲು ಬಿಟ್ಟರು. ಅಳು ನಿಂತ ಮೇಲೆ, ಸಿಸ್ಟರ್ ಫಿಲೋಮಿನಾ ಆಸ್ಪತ್ರೆಯಿಂದ ಏನು ಹೇಳಿಕಳಿಸಿದ್ದಾರೆ ಗೊತ್ತೇ ಎಂದು ಕೇಳಿದರು.

ಸಿಸ್ಟರ್ ಹೇಳಿಕಳಿಸಿದ್ದು ಎರಡು ಮಾತು. ಸಾಕಮ್ಮನ ಜೀವಕ್ಕೆ ಅಪಾಯವಿಲ್ಲ, ತಲೆಗೆ ಹೊಲಿಗೆ ಹಾಕಿದ್ದಾರೆ, ಗುಣವಾದ ಮೇಲೆ ಕಳಿಸುತ್ತಾರೆ. ಇನ್ನೊಂದು, ಅವರು ವಾಪಸ್ ಬರುವುದರೊಳಗೆ ಆ್ಯಪ್ ಸರಿಯಾಗಿದ್ದರೆ ಸರಿ, ಇಲ್ಲದಿದ್ದರೆ ನಾನು ಇನ್ನು ಆ ಫೋನನ್ನು ಮುಟ್ಟುವುದಿಲ್ಲ, ಅಲ್ಲಿಯವರೆಗೂ ಗೋಡೆಗೆ ಬೋರ್ಡ್ ಹಾಕಿ ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತೇನೆ.

“ಸಾಕಮ್ಮ ಅದೇ ಮಂಚಕ್ಕೆ ಬರ್ತಾರೆ,” ಎಂದರು ಗುರುಗಳು. “ಆಗ ನೀನು ಬಟ್ಟೆ ಅಂಗಡೀಲಿ ಇರ್ತೀಯೋ, ಇಲ್ಲಿರ್ತೀಯೋ?”

ಅವಳು ಎದ್ದು ಒಳಗೆ ಹೋದಳು. ಮರುದಿನ ಗಂಟು ಕಟ್ಟಲಿಲ್ಲ.

ಮಧ್ಯಾಹ್ನ ಗುರುಗಳು ಅವಳನ್ನು ದಾಸೋಹದ ಅಡುಗೆಮನೆಗೆ ಕರೆದರು. ಅವತ್ತು ಕಡಲೆಬೇಳೆ ಪಾಯಸ. ಅವಳ ಕೈಗೆ ಒಂದು ಸೌಟು ಕೊಟ್ಟು, ತಮ್ಮ ಲೋಟಕ್ಕೆ ಪಾಯಸ ಹಾಕೆಂದರು. ಹಾಕಿದಳು. ಕುಡಿದು ಲೋಟ ತೊಳೆದು ತಂದು, ಒಂದು ಚಿಕ್ಕ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರು.

“ಈಗ ಇದನ್ನ ಹಾಕು. ಅದೇ ಸೌಟಲ್ಲಿ.”

“ತೊಳ್ಕೊಂಡು ಬರ್ತೀನಿ.”

“ತೊಳೀಬೇಡ.”

“ಮಜ್ಜಿಗೆ ಎಲ್ಲಾ ಕೆಡುತ್ತೆ ಗುರುಗಳೇ.”

“ಕೆಡ್ಲಿ. ನನ್ನೊಬ್ಬನ ಪಾಲಿನ ಮಜ್ಜಿಗೆ ಅದು.”

ಅವಳು ಸೌಟು ಅದ್ದಿದಳು. ಬೆಳ್ಳಗಿದ್ದ ಮಜ್ಜಿಗೆಯಲ್ಲಿ ಬೆಲ್ಲದ ಕಂದು ಗೆರೆ ಹರಡಿತು, ಬೇಳೆ ಎರಡು ತೇಲಿದವು. ಗುರುಗಳು ಅದನ್ನು ಕುಡಿದರು. ಮುಖ ಕಿವಿಚಿದರು. ಶಿಷ್ಯರಿಗೆ ಬುದ್ಧಿ ಕಲಿಸಲು ಗುರುಗಳು ಏನೇನು ಕುಡಿಯಬೇಕಾಗುತ್ತದೋ ದೇವರಿಗೇ ಗೊತ್ತು.

“ಸೌಟು ಪಾಯಸನ ಮರೀಲಿಲ್ಲ,” ಎಂದರು.

ದಾಕ್ಷಾಯಿಣಿ ಕೈಯಲ್ಲಿದ್ದ ಸೌಟನ್ನೇ ನೋಡಿದಳು. ಈರಮ್ಮನ ಟಿಕ್ಕು ಸಾಕಮ್ಮನ ಹೆಸರಿನ ಮುಂದೆ ಹೇಗೆ ಬಂದು ನಿಂತಿತ್ತೆಂದು ಅವಳಿಗೆ ಕೈಯಲ್ಲೇ ಹಿಡಿದ ಹಾಗಾಯಿತು.

“ತೊಳೆದ ಸೌಟಿಗೆ ಏನ್ ಗೊತ್ತಿರುತ್ತೆ?” ಎಂದು ಕೇಳಿದರು ಗುರುಗಳು.

“ಏನೂ ಇಲ್ಲ.”

“ಅದಕ್ಕೇ ಅದು ಎಲ್ಲಾ ಪಾತ್ರೆಗೂ ಆಗುತ್ತೆ.”

“ಹಾಗಾದ್ರೆ ನೆನಪು ಎಲ್ಲಿರ್ಬೇಕು?”

ಗುರುಗಳು ಹಳೇ ಚಟದ ಪ್ರಕಾರ ಎದ್ದು ಹೋಗಲು ಹೊರಟರು. ಬಾಗಿಲ ತನಕ ಹೋದವರಿಗೆ ಏನೋ ನೆನಪಾಗಿ ತಿರುಗಿ ಬಂದರು. ಅವಳನ್ನು ಕರೆದುಕೊಂಡು ಆರೈಕೆ ಮನೆಗೆ ನಡೆದರು.

ಸಿಸ್ಟರ್ ಹೇಳಿದಂತೆಯೇ ಗೋಡೆಗೆ ಕಪ್ಪು ಬೋರ್ಡ್ ಬಂದಿತ್ತು. ಹೆಸರುಗಳು, ಮುಂದೆ ಚಾಕ್‌ಪೀಸಿನ ಗುರುತು. ಗುರುಗಳು ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ಈರಮ್ಮನಿಗೆ ಮಾತ್ರೆ ಆಗಿದೆಯೇ ನೋಡೆಂದರು. ಆಗಿದೆ ಎಂದಳು. ಹಿತ್ತಿಲಿಗೆ ಕರೆದೊಯ್ದು ಕಿಟಕಿಯಿಂದ ನೋಡಿಸಿದರು. ಆಗಿದೆ ಎಂದಳು.

“ಎರಡು ಕಡೆಯಿಂದಲೂ ಒಂದೇ ಕಾಣುತ್ತಲ್ಲ, ಯಾಕೆ?”

“ಇರೋದು ಒಂದೇ ಬೋರ್ಡು ಗುರುಗಳೇ.”

“ಸರಿ. ನೆನಪಿಗೆ ಮನೇಲಿ ಒಂದೇ ಜಾಗ. ಮಿಕ್ಕವರೆಲ್ಲ ಅದನ್ನ ನೋಡಿ ಹೇಳೋರು, ಇಲ್ಲಾ ಅಲ್ಲಿಗೆ ಹೋಗಿ ಸುದ್ದಿ ಮುಟ್ಸೋರು. ಈಗ ಹೇಳಿದ್ದು ಒಗಟಲ್ಲ ತಾನೆ?”

“ಅಲ್ಲ ಗುರುಗಳೇ,” ಎಂದಳು. ತಪ್ಪು ಸಿಕ್ಕ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತು.

ದಾಕ್ಷಾಯಿಣಿ ಸಾಲನ್ನು ಹೊಸದಾಗಿ ಬರೆಯಲು ಕೂತಳು. ಈಗ ಅದು ಏನನ್ನೂ ನೆನಪಿಡುವುದಿಲ್ಲ. ಆ್ಯಪಿನ ತಲೆಯ ಭಾಗದಲ್ಲಿ ಎಲ್ಲ ಮಾಹಿತಿಗೂ ಒಂದೇ ಜಾಗ ಮಾಡಿದಳು. ಈ ಹೆಸರು, ಇದಕ್ಕೆ ಟಿಕ್ ಇದೆ ಎಂದು ಅಲ್ಲಿಂದ ಹೇಳಿದರೆ ಸಾಲು ಹಾಗೆ ತೋರಿಸುತ್ತದೆ. ಯಾರಾದರೂ ಚೌಕ ಒತ್ತಿದರೆ, ಇಂಥವರ ಚೌಕ ಒತ್ತಿದರು ಎಂದು ಮೇಲಕ್ಕೆ ಸುದ್ದಿ ಕಳಿಸುತ್ತದೆ. ಟಿಕ್ ಹಾಕುವುದೋ ಬಿಡುವುದೋ ಮೇಲಿನ ಆ ಜಾಗದ ತೀರ್ಮಾನ. ಮೇಲಿಂದ ಮಾತು ಇಳಿದು ಬರುವುದು, ಕೆಳಗಿಂದ ಸುದ್ದಿ ಏರಿ ಹೋಗುವುದು, ಅಷ್ಟೇ ವ್ಯವಹಾರ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹಾಲು ಕುಡಿದು ಬಾಯಿ ಸುಟ್ಟುಕೊಂಡವಳಿಗೆ ಈಗ ನೀರು ಕಂಡರೂ ಭಯ.

ಹೆಸರು ಒತ್ತಿದಾಗ ಸಾಲು ಬಿಚ್ಚಿಕೊಳ್ಳುತ್ತಿತ್ತಲ್ಲ, ಅದನ್ನೂ ಮೇಲಕ್ಕೆ ಕೇಳು ಎಂದಳು. ಬೆರಳು ಇಟ್ಟಾಗ ಸಾಲಿನ ಬಣ್ಣ ಚೂರು ಮಂಕಾಗುತ್ತಿತ್ತು, ಅದನ್ನೂ ಮೇಲಕ್ಕೆ ಕೇಳು. ಸಾಲಿಗೆ ಸ್ವಂತದ್ದು ಅಂತ ಒಂದು ಉಸಿರೂ ಇಲ್ಲದ ಹಾಗೆ ಮಾಡಿಟ್ಟಳು.

ದೂರು ಹೇಳಲು ಮೊದಲು ಬಂದವನು ಪ್ರಭುಸ್ವಾಮಿ. ಹೊಸ ಸಾಲನ್ನು ದಾಸೋಹದ ಆ್ಯಪಿಗೆ ಜೋಡಿಸಲು ಬೆಳಿಗ್ಗೆಯಿಂದ ಒದ್ದಾಡುತ್ತಿದ್ದ. ಬಡಿಸುವವರ ಸಾಲು ಬಿಚ್ಚಿದೆಯೋ ಮುಚ್ಚಿದೆಯೋ, ಅದರ ಮೇಲೆ ಬೆರಳು ಇದೆಯೋ ಇಲ್ಲವೋ, ಎಲ್ಲವನ್ನೂ ಅವನ ಆ್ಯಪು ಕಾದು ಕೂತು ಹೇಳುತ್ತಿರಬೇಕಾಗಿತ್ತು.

“ದಾಕ್ಷಾಯಿಣಿ, ನಿನ್ನ ಕಾಂಪೊನೆಂಟ್ ತಗೊಳ್ಳೋದು ಅಂದ್ರೆ ಮನೆ ಅಳಿಯನ್ನ ಇಟ್ಕೊಂಡ ಹಾಗೆ ಆಗಿದೆ. ಎದ್ರೆ ಕೇಳುತ್ತೆ, ಕೂತ್ರೆ ಕೇಳುತ್ತೆ,” ಎಂದ.

ಅವಳಿಗೆ ಸಿಟ್ಟು ಬಂತು. ಸಾಕಮ್ಮ ಆಸ್ಪತ್ರೆಯಲ್ಲಿ ಮಲಗಿರುವಾಗ ನಿನಗೆ ಸಲೀಸು ಬೇಕೇ ಎಂದು ರೇಗಿದಳು. ಅವನು ಹೊರಟುಹೋದ. ಆದರೆ ಸಿಸ್ಟರಿನ ಹಳೇ ಫೋನಿನಲ್ಲಿ ಹಾಕಿ ನೋಡಿದಾಗ ಅವಳಿಗೇ ಗೊತ್ತಾಯಿತು. ಒಂದು ಹೆಸರು ಬಿಚ್ಚಿದರೆ ಇಡೀ ಪರದೆ ಮತ್ತೆ ಬರೆದುಕೊಳ್ಳುತ್ತಿತ್ತು, ಫೋನು ತಡವರಿಸುತ್ತಿತ್ತು. ಮಾತ್ರೆಯ ಚಿತ್ರ ಬರುವಷ್ಟರಲ್ಲಿ ಕಾಯಿಲೆಯವರು ಇನ್ನೊಂದು ಮಗ್ಗುಲಿಗೆ ತಿರುಗಿ ಮಲಗುತ್ತಿದ್ದರು.

ಅವಳು ಗುರುಗಳ ಹತ್ತಿರ ಹೋದಳು. ಅವರು ಊಟಕ್ಕೆ ಹೊರಟಿದ್ದರು. ಬಾ ಎಂದು ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡರು. ಎಲೆ ಹಾಕಿದರು, ತುದಿಗೆ ಉಪ್ಪು ಬಂತು, ಅನ್ನ ಬಂತು, ಸಾರು ಬಂತು.

“ಇವತ್ತು ನೀನು ಏನ್ ಮಾಡ್ಬೇಕಾದ್ರೂ ನನ್ನ ಕೇಳಿ ಮಾಡು,” ಎಂದರು.

ಅವಳು ಕಲಸಲೇ ಎಂದು ಕೇಳಿದಳು. ಕಲಸು ಎಂದರು. ತುತ್ತು ಎತ್ತಲೇ ಎಂದಳು. ಎತ್ತು. ಬಾಯಿಗಿಡಲೇ. ಇಡು. ಅಗಿಯಲೇ. ಗುರುಗಳು ಪಕ್ಕದವರ ಜೊತೆ ನದಿಯ ನೀರಿನ ವಿಷಯ ಮಾತಾಡುತ್ತಿದ್ದರು, ಅದು ಮುಗಿಯುವ ತನಕ ಅವಳು ತುತ್ತು ಬಾಯಲ್ಲಿಟ್ಟುಕೊಂಡು ಕಾಯಬೇಕಾಯಿತು. ಸಾರು ಆರಿತು. ಎದುರು ಪಂಕ್ತಿಯಲ್ಲಿದ್ದ ಪ್ರಭುಸ್ವಾಮಿ ನಗು ತಡೆಯಲಾರದೆ ನೆತ್ತಿಗೆ ಹತ್ತಿಸಿಕೊಂಡ.

“ಉಪ್ಪು ಕಮ್ಮಿ ಇದೆ,” ಎಂದಳು ದಾಕ್ಷಾಯಿಣಿ ಕೊನೆಗೆ. “ಎಲೆ ತುದೀಲಿ ಇರೋ ಉಪ್ಪು ಹಾಕ್ಕೊಳ್ಳಲಾ ಗುರುಗಳೇ?”

“ಅದು ಯಾರ ಉಪ್ಪು?”

“ನಂದೇ.”

“ನೀನು ಹಾಕ್ಕೊಂಡ್ರೆ ಪಕ್ಕದವರ ಸಾರಿಗೇನಾದ್ರೂ ಆಗುತ್ತಾ?”

“ಇಲ್ಲ.”

“ಮತ್ತೆ ನನ್ನ ಯಾಕಮ್ಮ ಕೇಳ್ತೀಯ?”

ಅವಳ ಕೈ ಉಪ್ಪಿನ ಹತ್ತಿರ ನಿಂತಿತು. ಗುರುಗಳು ನಕ್ಕರು. ಈ ಸಲವೂ ಬಿಡಿಸಿ ಹೇಳಿದರು. ಅನ್ನದ ಪಾತ್ರೆ ಎಲ್ಲರದು, ಅದರಲ್ಲಿ ಎಷ್ಟಿದೆ ಎನ್ನುವುದು ಅಡುಗೆಮನೆಗೆ ಗೊತ್ತಿರಲೇಬೇಕು. ಎಲೆ ತುದಿಯ ಉಪ್ಪಿನ ಲೆಕ್ಕವನ್ನು ಅಡುಗೆಮನೆ ಇಟ್ಟುಕೊಂಡು ಏನು ಮಾಡುತ್ತದೆ?

“ಆದ್ರೆ ಯಾವ್ದು ಪಾತ್ರೆ, ಯಾವ್ದು ಉಪ್ಪು ಅಂತ ನಂಗೆ ಹೇಗ್ ಗೊತ್ತಾಗ್ಬೇಕು? ಮೊದಲ ಸಲ ಎಲ್ಲಾನೂ ಸಾಲಿನ ಒಳಗೆ ಇಟ್ಟೆ. ಈಗ ಎಲ್ಲಾನೂ ಹೊರಗೆ ಇಟ್ಟೆ. ಎರಡೂ ತಪ್ಪಾಯ್ತು.”

ಗುರುಗಳು ಕೈ ತೊಳೆದುಕೊಂಡು ಬಂದರು. ಪಂಚೆಯ ಅಂಚಿಗೆ ಕನ್ನಡಕ ಒರೆಸಿಕೊಂಡರು.

“ಒಂದೊಂದನ್ನೂ ಕೈಗೆ ತಗೊಂಡು ಕೇಳ್ಕೊ. ಇದು ಮರೆತುಹೋದ್ರೆ ಯಾರು ಅಳ್ತಾರೆ?”

ಅವಳು ಯೋಚಿಸಿದಳು. ಸಾಲು ಬಿಚ್ಚಿಕೊಂಡಿತ್ತು ಎಂಬುದು ಮರೆತುಹೋದರೆ? ಯಾರೂ ಅಳುವುದಿಲ್ಲ, ಇನ್ನೊಂದು ಸಲ ಒತ್ತುತ್ತಾರೆ. ಬೆರಳು ಇತ್ತೆಂಬುದು ಮರೆತುಹೋದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಇವತ್ತು ಬಡಿಸುವ ಸರದಿ ಯಾರದೆಂಬುದು ಮರೆತುಹೋದರೆ ಪಂಕ್ತಿಯಲ್ಲಿ ಕೂತವರೆಲ್ಲ ಹಸಿದುಕೊಂಡಿರುತ್ತಾರೆ.

ಮಾತ್ರೆ ಕೊಟ್ಟದ್ದು ಮರೆತುಹೋದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಯಾರೂ ಅಳದಿದ್ದನ್ನು ಸಾಲಿಗೇ ಬಿಟ್ಟಳು, ಹೆಸರು ಬದಲಾದ ಕೂಡಲೇ ತೊಳೆದು ಹೋಗುವ ಹಾಗೆ. ಯಾರಾದರೂ ಅಳುವಂಥದ್ದನ್ನೆಲ್ಲ ಆ ಒಂದೇ ಜಾಗದಲ್ಲಿಟ್ಟಳು. ಈಗ ಸಾಲು ಹಗುರಾಯಿತು. ಪ್ರಭುಸ್ವಾಮಿ ಮತ್ತೆ ಚಿಟಿಕೆ ಹೊಡೆದ. ಅವಳು ರೇಗಿದ್ದಕ್ಕೆ ಕ್ಷಮಿಸು ಎಂದಳು, ಅವನು ಮನೆ ಅಳಿಯ ಈಗ ಸಂಪಾದನೆಗೆ ಹೋಗುತ್ತಿದ್ದಾನೆ ಎಂದ.

ಸಿಸ್ಟರ್ ಫಿಲೋಮಿನಾ ಸುಲಭಕ್ಕೆ ನಂಬುವವರಲ್ಲ. ಫೋನ್ ಕೈಗೆ ತೆಗೆದುಕೊಂಡು ಈರಮ್ಮನಿಗೆ ಟಿಕ್ ಹಾಕಿದರು, ಸರ್ರನೆ ಕೆಳಕ್ಕೆ ಸರಿಸಿದರು, ಮೇಲಕ್ಕೆ ಎಳೆದರು, ಮತ್ತೆ ಕೆಳಕ್ಕೆ. ಫೋನಿನ ಮೇಲೆ ಹಗೆ ಇದ್ದವರ ಹಾಗೆ ಸರಿಸಿದರು. ಸಾಕಮ್ಮನ ಚೌಕ ಖಾಲಿಯೇ ಇತ್ತು. ಫೋನನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದರು. ಈರಮ್ಮನ ಟಿಕ್ ಇದ್ದಲ್ಲೇ ಇತ್ತು, ಸಾಕಮ್ಮನ ಚೌಕ ಖಾಲಿ. ದಾಕ್ಷಾಯಿಣಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

ಸಿಸ್ಟರ್ ಫೋನನ್ನು ಜೇಬಿಗಿಟ್ಟರು. ಬಟ್ಟೆ ತೆಗೆದುಕೊಂಡು ಬೋರ್ಡನ್ನು ಒರೆಸಿದರು. ಮರುದಿನದಿಂದ ಅದರ ಮೇಲೆ ಅವತ್ತಿನ ಅಡುಗೆ ಏನೆಂದು ಬರೆಯತೊಡಗಿದರು.

ಸಾಕಮ್ಮ ಗುಣವಾಗಿ ಬಂದರು. ತಲೆಗೆ ಪಟ್ಟಿ, ನಡಿಗೆ ಸ್ವಲ್ಪ ನಿಧಾನ. ದಾಕ್ಷಾಯಿಣಿ ಹೋಗಿ ಮಂಚದ ಪಕ್ಕ ನೆಲಕ್ಕೆ ಕೂತಳು. ನಡೆದದ್ದನ್ನೆಲ್ಲ ಹೇಳಿದಳು, ತಪ್ಪು ನನ್ನದು ಎಂದಳು, ಅವರ ಕೈ ಹಿಡಿದುಕೊಂಡಳು.

“ಅದೆಲ್ಲ ಗ್ಯಾಪ್ಕ ಇಲ್ಲ ಕನ ಕೂಸೆ,” ಎಂದರು ಸಾಕಮ್ಮ. “ತಲೆ ಯಾಕೆ ಬಾಚ್ಕಂಡಿಲ್ಲ? ಬಾ ಇಲ್ಲಿ.”

ಅವರ ಬೆರಳುಗಳು ಮೊದಲಿನಷ್ಟು ಚುರುಕಾಗಿರಲಿಲ್ಲ, ಜಡೆ ಸೊಟ್ಟಗಾಯಿತು. ದಾಕ್ಷಾಯಿಣಿ ಅದನ್ನು ಬಿಚ್ಚಲಿಲ್ಲ.

ಅಷ್ಟರಲ್ಲಿ ಪೇಟೆಯ ಆಸ್ಪತ್ರೆಯಿಂದ ಒಂದು ಮಾತು ಬಂತು. ಸಾಕಮ್ಮನನ್ನು ಕರೆತರಲು ಹೋಗಿದ್ದ ಸಿಸ್ಟರಿನ ಫೋನಿನಲ್ಲಿ ಆ ಸಾಲುಗಳನ್ನು ನೋಡಿದ್ದರಂತೆ. ತಮ್ಮ ವಾರ್ಡಿಗೂ ಅದು ಸಿಗುವುದೇ ಎಂದು ಅಲ್ಲಿನ ನರ್ಸುಗಳು ಕೇಳಿದ್ದರು. ಎಡವಟ್ಟಾಯಿತೆಂದು ಬೈಯಬೇಕಾದವರೇ ಬೇಕು ಎಂದು ಕೇಳುತ್ತಿದ್ದಾರೆ ಎಂದು ಪ್ರಭುಸ್ವಾಮಿ ಕುಣಿದ.

ದಾಕ್ಷಾಯಿಣಿ ಕೊಡುವುದಿಲ್ಲ ಎಂದಳು. ಸಾಲು ಈಗ ಸರಿಯಿದೆ, ಎಲ್ಲರೂ ನೋಡಿದ್ದಾರೆ, ಅದು ಅವಳಿಗೂ ಗೊತ್ತು. ಆದರೂ ಕೊಡಬೇಕೆಂದು ಕಂಪ್ಯೂಟರ್ ಮುಂದೆ ಕೂತರೆ ಅವಳ ಬೆರಳು ಓಡುತ್ತಿರಲಿಲ್ಲ. ಕಣ್ಣ ಮುಂದೆ ಮಂಚದ ಅಂಚು ಬರುತ್ತಿತ್ತು. ಆಸ್ಪತ್ರೆಯವರಿಗೆ ಅವಳು ಉತ್ತರವನ್ನೇ ಕಳಿಸಲಿಲ್ಲ.

ಸಾಕಮ್ಮ ಬಂದ ಖುಷಿಗೆ ದಾಸೋಹದಲ್ಲಿ ಮತ್ತೆ ಪಾಯಸ ಮಾಡಿದರು. ಸಾಕಮ್ಮನನ್ನು ಪಂಕ್ತಿಯ ಮೊದಲಿಗೆ ಕುರ್ಚಿ ಹಾಕಿ ಕೂರಿಸಿದರು. ಬಡಿಸುವ ಸರದಿ ಅವತ್ತು ದಾಕ್ಷಾಯಿಣಿಯದು. ಪ್ರಭುಸ್ವಾಮಿಯ ಆ್ಯಪು ಅವಳ ಹೆಸರು ತೋರಿಸುತ್ತಿತ್ತು. ಅವಳು ಅಡುಗೆಮನೆಯ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು.

ಗುರುಗಳು ಒಳಗೆ ನಲ್ಲಿಯ ಹತ್ತಿರ ಏನೋ ತೊಳೆಯುತ್ತಿದ್ದರು.

“ಗುರುಗಳೇ,” ಎಂದಳು. “ಸಾಕಮ್ಮ ಮರೆತೇಬಿಟ್ಟಿದಾರೆ. ನಾನೂ ಮರೀಬಹುದಾ?”

“ನೀನು ಮರೆತ್ರೆ ಯಾರು ಅಳ್ತಾರೆ?”

ಅವಳು ಪಂಕ್ತಿಯ ಕಡೆ ನೋಡಿದಳು. ಸಾಕಮ್ಮ ಎಲೆಗೆ ನೀರು ಚಿಮುಕಿಸಿ ಒರೆಸುತ್ತಿದ್ದರು. ಪಕ್ಕದಲ್ಲಿ ಈರಮ್ಮ. ಅವರಾಚೆ ಆರೈಕೆ ಮನೆಯವರೆಲ್ಲ.

“ಮರೀಬಾರ್ದು,” ಎಂದಳು ಮೆಲ್ಲಗೆ. “ಆದ್ರೆ ನೆನಪಿದ್ರೆ ಕೈ ಓಡಲ್ಲ.”

ಗುರುಗಳು ನಲ್ಲಿ ನಿಲ್ಲಿಸಿದರು. ತೊಳೆದದ್ದನ್ನು ಒಮ್ಮೆ ಕೊಡವಿ, ಬೆಳಕಿಗೆ ಹಿಡಿದು ನೋಡಿ, ಅವಳ ಕೈಗಿಟ್ಟರು.

“ನೆನಪನ್ನ ಎದೇಲಿಡು ಕಣಮ್ಮ, ಕೈಗೆ ಅಂಟಿಸ್ಕೋಬೇಡ. ಸಾಕಮ್ಮ ಕಾಯ್ತಿದಾರೆ, ನಿನ್ನ ಸಾಲು ಕೇಳಿದ ಪೇಟೆ ಆಸ್ಪತ್ರೆಯವರೂ ಎಲೆ ಹಾಕ್ಕೊಂಡು ಕೂತ ಹಾಗೇನೇ. ಸೌಟು ತೊಳೆದಿದೀನಿ. ಹೋಗು, ಬಡಿಸು.”